ಕಂಬಳಿಯಿಂದ ಎದ್ದು ಓಡಿದ ಮರಿ

ಬಾತಿ
೧೪-೧-೧೯೫೮

ಅಣ್ಣ ಕೆಂಚವೀರಪ್ಪನಿಗೆ,

ನಿನ್ನ ತಂಗಿ ಹಂಪವ್ವ ಬರೆಯುವುದು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಾತಿಯಿಂದ ಹೊರಟರೆ ಬಿಸಿಲು ನೆತ್ತಿಗೆ ಬರುವುದರೊಳಗೆ ಕೊಂಡಜ್ಜಿ ಸೇರಬಹುದು. ಆದರೂ ಕಾಗದ ಬರೆಯುತ್ತಿದ್ದೇನೆ. ಯಾಕೆಂದರೆ ಮೊನ್ನೆ ಭಾನುವಾರ ಅಷ್ಟು ಜನರ ಮುಂದೆ ನೀನು "ಇನ್ನ ನನ್ನ ಹೊಸ್ತಿಲು ತುಳೀಬ್ಯಾಡ" ಎಂದೆ. ತುಳಿಯುವುದಿಲ್ಲ. ಹೊಸ್ತಿಲು ತುಳಿಯಬೇಡ ಎಂದೆಯೇ ಹೊರತು ಕಾಗದ ಬರೆಯಬೇಡ ಎನ್ನಲಿಲ್ಲ. ಅಪ್ಪ ಇಬ್ಬರನ್ನೂ ಹರಿಹರದ ಶಾಲೆಗೆ ಹಾಕಿದ್ದ. ನೀನು ಅಕ್ಷರ ಕೂಡಿಸುವಷ್ಟು ಕಲಿತು ಕುರಿ ಹಿಂದೆ ಓಡಿದೆ, ನಾನು ಕೂತು ಪೂರಾ ಕಲಿತೆ. ಅದು ಈಗ ಉಪಯೋಗಕ್ಕೆ ಬಂತು.

ಅಂಥದ್ದೇನು ಮಾಡಿದೆ ನಾನು? ನಾನು ಕಂಡದ್ದನ್ನು ನೀನೂ ಕಂಡೆ. ಆದರೂ ಬರೆಯುತ್ತೇನೆ, ಓದಿದಾಗ ನಿನಗೆ ಬೇರೆ ಥರ ಕಾಣಬಹುದು. ಮೈಲಾರಲಿಂಗನ ಗದ್ದುಗೆ ಮುಂದೆ ಕರಿಕಂಬಳಿ ಹಾಸಿದಿರಿ. ನಿನ್ನ ನಾಯಿ ಕಾಳಿ ಹೆತ್ತ ಮರಿಗಳನ್ನು ಅದರ ಮೇಲೆ ಬಿಟ್ಟು ಭಂಡಾರ ಎರಚಿದಿರಿ. ಒಂದು ಮರಿ ಅರಿಶಿನಕ್ಕೆ ಸೀನಿ ಕಂಬಳಿ ಕಚ್ಚಿ ಎಳೆಯಿತು. ಎರಡು ಮರಿ ಒಂದರ ಮೇಲೊಂದು ಬಿದ್ದು ಹೊರಳಿ ಅತ್ತಿಗೆಯ ಸೀರೆ ಸೆರಗಿಗೆ ಓಡಿದವು. ದಪ್ಪನೆಯದೊಂದು ಮಾತ್ರ ಹೊಟ್ಟೆ ಮೇಲೆ ಮಲಗಿ, ಎರಡೂ ಹಿಂಗಾಲನ್ನು ಕಪ್ಪೆಯ ಹಾಗೆ ಹಿಂದಕ್ಕೆ ಚಾಚಿ, ಗದ್ದ ನೆಲಕ್ಕಿಟ್ಟಿತು. "ಉದ್ದಂಡ ಬಿತ್ತು! ದೇವರ ಮರಿ!" ಎಂದು ನೀನು ಕೂಗಿದೆ. "ಏಳುಕೋಟಿಗೋ" ಎಂದರು ಎಲ್ಲರೂ. ಅಪ್ಪನ ಕಾಲದಲ್ಲೂ ಹೀಗೆಯೇ, ಅಜ್ಜನ ಕಾಲದಲ್ಲೂ ಹೀಗೆಯೇ. ಉದ್ದಂಡ ಬಿದ್ದ ಮರಿ ನಮ್ಮ ಮನೆಗೆ, ಮುಂದಿನ ತಳಿಗೆ. ಎದ್ದು ಓಡಿದವು ಕೇಳಿದವರ ಕುರಿರೊಪ್ಪಕ್ಕೆ.

ನಾನು ಆ ಮರಿಯನ್ನು ಎತ್ತಿಕೊಂಡು ಹೇಳಿದ್ದು ಇಷ್ಟೇ: "ಅಣ್ಣ, ಇದು ನಮಸ್ಕಾರ ಅಲ್ಲ. ಇದಕ್ಕ ಸೊಂಟದಾಗ ಬಲ ಇಲ್ಲ. ನಮ್ಮ ಗಂಗಿನೂ ಹಿಂಗೇ ಬಿದ್ದಿದ್ಲು."

ಗಂಗಿಯನ್ನು ನನ್ನ ಮದುವೆಯಲ್ಲಿ ಬಳುವಳಿ ಕೊಟ್ಟವನು ನೀನೇ. ದೇವರ ಮರಿಯನ್ನೇ ತಂಗಿಗೆ ಕೊಟ್ಟ ಎಂದು ಊರೆಲ್ಲ ಹೊಗಳಿತು, ನಾನೂ ಹೆಮ್ಮೆಯಿಂದ ಮೆರೆದೆ. ಮೂರು ವರ್ಷಕ್ಕೇ ಅವಳು ಏಳುವಾಗ ಮುದುಕಿಯ ಹಾಗೆ ನರಳತೊಡಗಿದಳು. ಹೋದ ಕಾರ್ತಿಕದಲ್ಲಿ, ಕುರಿ ರೊಪ್ಪಕ್ಕೆ ಬರುವ ಹೊತ್ತಿನಲ್ಲಿ ತೋಳ ಬಂತು. ಎಲ್ಲರಿಗಿಂತ ಮೊದಲು ಅವಳಿಗೆ ಗೊತ್ತಾಯಿತು. ಬೊಗಳಿದಳು, ಏಳಲು ನೋಡಿದಳು, ಹಿಂಗಾಲು ಏಳಲಿಲ್ಲ. ಕರುವಿನಷ್ಟು ದೊಡ್ಡ ಮೈಯನ್ನು ಬರೀ ಮುಂಗಾಲಲ್ಲಿ ಎಳೆದುಕೊಂಡು ಹೋಗಿ ತೋಳಕ್ಕೆ ಅಡ್ಡ ಬಿದ್ದಳು. ನಮ್ಮನೆಯವರು ದೊಣ್ಣೆ ಹಿಡಿದು ಬರುವಷ್ಟರಲ್ಲಿ ಕುರಿ ಉಳಿದಿದ್ದವು, ಗಂಗಿ ಉಳಿದಿರಲಿಲ್ಲ. ನನಗೆ ಇನ್ನೂ ಅಳು ಬರುತ್ತದೆ, ಅದಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ.

ಈಗ ನನ್ನ ಹತ್ತಿರ ಇರುವುದು ಅವಳ ಮಗಳು ಬೋರಿ. ಕಂಬಳಿಯಿಂದ ಎದ್ದು ಓಡಿದವಳು, ಅದಕ್ಕೇ ನಿನಗೆ ಬೇಡವಾದವಳು. ಆದರೆ ಕಾಳಿ ಇನ್ನು ಹೆರುವುದಿಲ್ಲ. ಮನೆ ತಳಿಯ ಹೆಣ್ಣು ಎಂದು ಉಳಿದಿರುವುದು ಬೋರಿ ಒಬ್ಬಳೇ. ಈಗ ನಿನಗೆ ಅವಳು ಬೇಕು, ನಿನ್ನ ಗಂಡುನಾಯಿ ಕರಿಯನಿಗೆ ಕೂಡಿಸಲು. ಕಳಿಸುವುದಿಲ್ಲ ಅಣ್ಣ. ಇನ್ನೊಂದು ಗಂಗಿಯನ್ನು ನಾನು ಹೂಳುವುದಿಲ್ಲ.

ಅತ್ತಿಗೆಗೆ ನನ್ನ ಶರಣು ಹೇಳು. ನಿನಗೆ ಆಮೇಲೆ ಹೇಳುತ್ತೇನೆ.

ಹಂಪವ್ವ


ಕೊಂಡಜ್ಜಿ
೬-೨-೧೯೫೮

ಹಂಪವ್ವಳಿಗೆ,

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮ ತಿಳಿಸುವುದು. ನಿನ್ನ ಕಾಗದ ಬಂತು. ಉದ್ದ ಇದೆ.

ಗಂಗಿ ಸತ್ತದ್ದು ನಿಮ್ಮ ಅನ್ನದಿಂದ. ಜೋಳದ ನುಚ್ಚು, ಮಜ್ಜಿಗೆ ಕುಡಿದು ಬೆಳೆಯುವ ನಾಯಿಗೆ ಪೇಟೆ ಪಕ್ಕದ ಊರಿನವರು ನೀವು ಅನ್ನ ಹಾಕಿದಿರಿ. ಮೈ ಬಂತು, ಕಾಲು ಹೋಯಿತು. ನಮ್ಮ ತಳಿಗೆ ಯಾವ ದೋಷವೂ ಇಲ್ಲ. ಕರಿಯ ಗಟ್ಟಿಯಾಗಿದ್ದಾನೆ. ಈಚೆಗೆ ಸಿಟ್ಟು ಹೆಚ್ಚಾಗಿದೆ, ಅದಕ್ಕೆ ಹಗಲೆಲ್ಲ ಕಟ್ಟಿ ಹಾಕಿದ್ದೇನೆ. ದೇವರ ಮರಿಗೆ ಮಲ್ಲ ಎಂದು ಹೆಸರಿಟ್ಟೆವು. ಚೆನ್ನಾಗಿ ತಿನ್ನುತ್ತಿದ್ದಾನೆ.

ಬಳುವಳಿ ಕೊಟ್ಟ ನಾಯಿಯ ಹೆಣ್ಣುಮರಿಯನ್ನು ತವರಿನ ಗಂಡಿಗೆ ತರುವುದು ನಮ್ಮ ಮನೆಯ ರೂಢಿ. ಕರಿಯ ಬೋರಿಗೆ ಸೋದರಮಾವ ಆಗಬೇಕು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲೇನು ಹೊಸದೇ? ಯುಗಾದಿಯೊಳಗೆ ಬೋರಿಯನ್ನು ಕಳಿಸು. ನಾನು ಹೇಳಿದೆ ಎಂದು ಮಾಳಿಂಗಪ್ಪನವರಿಗೆ ಹೇಳು, ನಿನ್ನ ಗಂಡನಾದರೂ ತಿಳಿದವರು.

ಲಕೋಟೆಯಲ್ಲಿ ಹಾಕಿದ್ದೇನೆ. ನಮ್ಮ ಮನೆ ಮಾತು ಊರಿಗೆ ಬೇಡ.

ಕೆಂಚವೀರಪ್ಪ


ಬಾತಿ
೧೮-೨-೧೯೫೮
(ಕಾರ್ಡು)

ಅಣ್ಣನಿಗೆ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಇದು ಬರೀ ನಮ್ಮ ಮನೆ ಮಾತಲ್ಲ, ನಮ್ಮ ಮನೆಯ ಮರಿ ಒಯ್ದವರ ಮಾತೂ ಹೌದು. ಕರಿಯ ಬೋರಿಗೆ ಸೋದರಮಾವ ಎಂದು ಬರೆದೆ. ಸರಿ, ಒಪ್ಪಿದೆ. ಅವನು ಅವಳ ಅಪ್ಪನೂ ಹೌದು, ಮರೆತೆಯಾ? ಗಂಗಿಯನ್ನು ಕರೆಸಿಕೊಂಡು ಅವಳ ಒಡಹುಟ್ಟಿಗೇ ಕೂಡಿಸಿದವನು ನೀನು. ಒಂದೇ ಬೆಡಗಿನವರು ಅಣ್ಣ-ತಂಗಿ ಎಂದು ಹೆಣ್ಣು ಕೇಳಲು ಹೋಗದ ಕುಲ ನಮ್ಮದು. ನಾಯಿಗೆ ಮಾತ್ರ ಅಣ್ಣ-ತಂಗಿ, ಅಪ್ಪ-ಮಗಳು ಎಲ್ಲ ನಡೆಯುತ್ತದೆಯೇ?

ನಮ್ಮನೆಯವರನ್ನು ಕೇಳಿದೆ. "ನಾಯಿ ನಿಂದು, ತವರು ನಿಂದು, ನನ್ನನ್ಯಾಕ ನಡುವೆ ನಿಲ್ಲಿಸ್ತೀ" ಎಂದು ಕುರಿ ಹೊಡೆದುಕೊಂಡು ಹೋದರು. ಅವರು ನಿಜವಾಗಿಯೂ ತಿಳಿದವರು. ಬೋರಿ ಬರುವುದಿಲ್ಲ.

ಅಂಚೆಯ ಲಿಂಗಣ್ಣ, ನೀನು ಇದನ್ನು ಓದುತ್ತಿದ್ದೀಯ ಎಂದು ನನಗೆ ಗೊತ್ತು. ಹೇಗೂ ಓದುತ್ತೀಯ, ಚಾವಡಿಯಲ್ಲಿ ಜೋರಾಗಿ ಓದು.

ಹಂಪವ್ವ


ಕೊಂಡಜ್ಜಿ
೨೭-೨-೧೯೫೮

ಹಂಪವ್ವಳಿಗೆ,

ಲಿಂಗಣ್ಣ ಓದಿದ. ಜೋರಾಗಿಯೇ ಓದಿದ. ಅಪ್ಪ-ಮಗಳು ಎಂಬಲ್ಲಿ, ಚಾವಡಿಯಲ್ಲಿ ಕೂತಿದ್ದ ಉಜ್ಜನಪ್ಪ ಎಲೆಅಡಿಕೆ ಉಗುಳಿ ನಕ್ಕ. ನಾನು ತಲೆ ತಗ್ಗಿಸಿ ಮನೆಗೆ ಬಂದೆ. ನಿನಗೆ ಬೇಕಾಗಿದ್ದು ಇದೇ ಆದರೆ ಆಯಿತು, ಸಿಕ್ಕಿತು.

ಆ ಕಂಬಳಿ ಅಪ್ಪನ ಕೈಯಿಂದ ನನ್ನ ಕೈಗೆ ಬಂದದ್ದು. ಕೊನೆಗೆ ಅವನಿಗೆ ಮಾತು ನಿಂತಿತ್ತು, ಕಂಬಳಿಯನ್ನು ನನ್ನ ಕಡೆ ತಳ್ಳಿ ಕಣ್ಣು ಮುಚ್ಚಿದ. ನೀನೂ ಅಲ್ಲೇ ಇದ್ದೆ. ಉದ್ದಂಡ ಬಿದ್ದ ಮರಿಯಲ್ಲಿ ದೋಷ ಎಂದರೆ ಅದನ್ನು ಆರಿಸಿದ ಅಪ್ಪನಲ್ಲಿ ದೋಷ, ಅಜ್ಜನಲ್ಲಿ ದೋಷ, ದೇವರಲ್ಲಿ ದೋಷ. ಇದನ್ನು ನಾನು ಕಿವಿಯಿಂದ ಕೇಳಲಾರೆ. ನೀನು ಕಲಿತವಳು, ನಿನಗೆ ಆಡಲು ಬರುತ್ತದೆ.

ಈ ವರ್ಷದಿಂದ ನಿನ್ನ ಮನೆಗೆ ಭಂಡಾರ ಕಳಿಸುವುದಿಲ್ಲ. ಗದ್ದುಗೆಯ ಅರಿಶಿನ ಇಲ್ಲದೆ ನಿನ್ನ ಕುರಿ ಹೇಗೆ ಬದುಕುತ್ತವೆ ನೋಡುತ್ತೇನೆ. ಇನ್ನು ಕಾಗದ ಬೇಡ.

ಕೆಂಚವೀರಪ್ಪ


ಬಾತಿ
೩೦-೬-೧೯೫೮

ಅಣ್ಣನಿಗೆ,

ಕಾಗದ ಬೇಡ ಎಂದೆ. ಯುಗಾದಿ ಹೋಯಿತು, ಮುಂಗಾರು ಬಂತು, ಇಷ್ಟು ದಿನ ಸುಮ್ಮನಿದ್ದೆ. ಅದು ನಿನ್ನ ಹೆದರಿಕೆಯಿಂದ ಅಲ್ಲ, ನನಗೆ ಕೆಲಸ ಇತ್ತು.

ಮೊದಲು ಭಂಡಾರದ ಮಾತು. ನೀನು ಕಳಿಸದಿದ್ದರೆ ಬೇಡ. ಅರಿಶಿನ ನನ್ನ ಹಿತ್ತಲಲ್ಲೂ ಬೆಳೆಯುತ್ತದೆ. ಕಿತ್ತು, ಬೇಯಿಸಿ, ಒಣಗಿಸಿ, ಕುಟ್ಟಿ, ಮೈಲಾರಲಿಂಗ ಎಂದು ಕೈಮುಗಿದು ಕುರಿಗಳ ಹಣೆಗೆ ಹಚ್ಚಿದೆ. ಒಂದು ಕುರಿಯೂ ಬೇಡ ಎನ್ನಲಿಲ್ಲ. ದೇವರಿಗೆ ಸಿಟ್ಟಿದ್ದರೆ ನನಗೇ ಹೇಳಲಿ, ನಿನ್ನ ಮೂಲಕ ಯಾಕೆ ಹೇಳಿಕಳಿಸುತ್ತಾನೆ?

ಎರಡನೆಯದು. ಬೋರಿಯನ್ನು ಗಾಡಿಗೆ ಹತ್ತಿಸಿಕೊಂಡು ದಾವಣಗೆರೆಗೆ, ದನದ ಡಾಕ್ಟರ ಹತ್ತಿರ ಹೋಗಿದ್ದೆ. ಪಂಚಾಕ್ಷರಪ್ಪ ಎಂದು ಅವರ ಹೆಸರು. "ಏನಮ್ಮ, ಕರು ತಂದೀರೇನು" ಎಂದು ನಕ್ಕರು. ನಕ್ಕರೂ ಕೆಲಸ ಮಾಡಿದರು. ಬೋರಿಯನ್ನು ಅಡ್ಡ ಮಲಗಿಸಿ, ಹಿಂಗಾಲು ಮಡಚಿ, ತಿರುಗಿಸಿ, ಸೊಂಟದ ಮೇಲೆ ಅಂಗೈ ಇಟ್ಟು ನೋಡಿದರು. "ಇವಳ ಕೀಲು ಬಿಗಿ ಐತೆ" ಎಂದರು. ಗಂಗಿಯ ಸುದ್ದಿ ಹೇಳಿದೆ. ಅವರ ನಗು ನಿಂತಿತು.

"ತೊಡೆ ಎಲುಬಿನ ಗುಂಡು ಸೊಂಟದ ಬಟ್ಟಲದಾಗ ಸರಿಯಾಗಿ ಕೂಡ್ರಬೇಕಮ್ಮ. ಕೆಲವು ದೊಡ್ಡ ನಾಯಿಗೆ ಆ ಬಟ್ಟಲು ಆಳ ಇರಲ್ಲ. ಮೈ ಬೆಳೆದಂಗೆ ಗುಂಡು ಜಾರತೈತೆ, ಸವೀತೈತೆ, ನೋಯತೈತೆ. ತಂದೆ ತಾಯಿಂದ ಬರೋದು ಅದು. ಊಟದ್ದೇನೂ ಪೂರಾ ತಪ್ಪಲ್ಲ, ಮೈ ಹೆಚ್ಚಾದ್ರೆ ನೋವು ಹೆಚ್ಚು, ಅಷ್ಟೇ."

"ಔಷಧ ಏನೈತ್ರಿ?" ಎಂದೆ.

"ಅಂಥ ನಾಯಿಗೆ ಮರಿ ಮಾಡಿಸಬ್ಯಾಡ್ರಿ. ಅದೇ ಔಷಧ."

ನೋಡು, ಅನ್ನದ ಮಾತಿನಲ್ಲಿ ನಿನಗೂ ಒಂದು ಚೂರು ಗೆಲುವು ಸಿಕ್ಕಿತು. ಮುಚ್ಚಿಡದೆ ಬರೆದಿದ್ದೇನೆ. ನೀನೂ ಏನನ್ನೂ ಮುಚ್ಚಿಡಬೇಡ.

ಬರುವಾಗ ಗಾಡಿಯಲ್ಲಿ ಕೂತು ಒಂದೇ ಯೋಚನೆ. ಉದ್ದಂಡ ಬಿದ್ದವು ನಮ್ಮ ಮನೆಯಲ್ಲಿ ಉಳಿದವು. ಎದ್ದು ಓಡಿದವು ಎಲ್ಲಿ ಹೋದವು? ಅವುಗಳ ಕಾಲು ಹೇಗಿವೆ? ಹುಡುಕಿಕೊಂಡು ಹೋದೆ. ಯಾರ ಯಾರ ಮನೆಗೆ ಮರಿ ಹೋಗಿತ್ತು ಎಂದು ನನಗೆ ಹೇಳಿದವರು ಯಾರೆಂದು ಕೇಳಬೇಡ. ಹರಿಹರದ ಹೊಳೆದಂಡೆಯ ರೊಪ್ಪಗಳಿಗೆ ಹೋದೆ, ಜಗಳೂರು ಕಡೆಯಿಂದ ಮೇಯಿಸಲು ಬಂದವರ ಬಿಡಾರಕ್ಕೂ ಹೋದೆ. ಹಲ್ಲು ಸವೆದ, ಮೂತಿ ಬೆಳ್ಳಗಾದ ಮುದಿನಾಯಿಗಳು ಅಣ್ಣ, ನನ್ನನ್ನು ಕಂಡು ಎದ್ದು ಓಡಿ ಬಂದು ಬೊಗಳಿದವು! ನಮ್ಮ ಮನೆಯಲ್ಲಿ ಮುದಿನಾಯಿ ಓಡಿದ್ದನ್ನು ನೀನು ಎಂದಾದರೂ ಕಂಡಿದ್ದೀಯಾ? ನಮ್ಮಲ್ಲಿ ನಾಯಿ ಮುದಿಯಾಗುವುದೇ ಇಲ್ಲ, ಅದಕ್ಕೂ ಮೊದಲೇ ಕೂತುಬಿಡುತ್ತದೆ. ಅದಕ್ಕೂ ನಾವು ದೇವರ ಮುಂದೆ ಕೂತಿತು ಎಂದು ಹೆಸರು ಕೊಟ್ಟೆವು.

ಮೂರನೆಯದು. ಬೋರಿ ಗಬ್ಬವಾಗಿದ್ದಾಳೆ. ಯಾವ ಗಂಡು ಎಂದು ಹೇಳುವುದಿಲ್ಲ. ಯಾರ ಹಟ್ಟಿಯದು, ಯಾವ ಕುಲದವರದು ಎಂದು ನೀನು ಕೇಳುತ್ತೀಯ, ಅದಕ್ಕೇ ಹೇಳುವುದಿಲ್ಲ. ನಾಲ್ಕು ಕಾಲಿನ ಮೇಲೆ ನಿಲ್ಲುವ ಕುಲ. ಅಷ್ಟು ಸಾಕು.

ಹಂಪವ್ವ


ಕೊಂಡಜ್ಜಿ
೪-೯-೧೯೫೮

ಹಂಪವ್ವಳಿಗೆ,

ಬೋರಿ ಮರಿ ಹಾಕಿದ ಸುದ್ದಿ ತಿಳಿಯಿತು. ಹೆಸರಿಲ್ಲದ ಗಂಡಿನ ಮರಿಗಳಿಗೂ ನಮಗೂ ಸಂಬಂಧವಿಲ್ಲ. ಅವನ್ನು ಈ ಕಡೆ ತರಬೇಡ.

ಮಲ್ಲನ ವಿಷಯ ಬರೆಯಬಾರದು ಎಂದಿದ್ದೆ. ಆದರೆ ನಿನ್ನ ಡಾಕ್ಟರು ಹೇಳಿದ್ದು ಎಷ್ಟು ಸುಳ್ಳು ಎಂದು ನಿನಗೆ ಗೊತ್ತಾಗಲಿ ಎಂದು ಬರೆಯುತ್ತೇನೆ. ಮಲ್ಲ ಈಗಲೇ ಕರಿಯನ ಎತ್ತರಕ್ಕೆ ಬಂದಿದ್ದಾನೆ. ಕೆರೆ ಏರಿ ಮೇಲೆ ಕರೆದುಕೊಂಡು ಹೋದರೆ ಗುಡ್ಡದ ಬಿಡಾರಕ್ಕೆ ಬಂದ ಸ್ಕೌಟು ಹುಡುಗರು ಕರು ಎಂದುಕೊಂಡು ನೋಡುತ್ತಾರೆ. ಸ್ವಭಾವ ಬಹಳ ಸಾಧು. ಬೇರೆ ಮರಿಗಳ ಹಾಗೆ ಸುಮ್ಮನೆ ಹಾರಾಡುವುದಿಲ್ಲ. ನಾಲ್ಕು ಹೆಜ್ಜೆ ನಡೆದು ಗಂಭೀರವಾಗಿ ಕೂರುತ್ತಾನೆ. ಓಡುವಾಗ ಎರಡೂ ಹಿಂಗಾಲು ಕೂಡಿಸಿ ಮೊಲದ ಹಾಗೆ ಎತ್ತುತ್ತಾನೆ, ನೋಡಲು ಬಹಳ ಚೆಂದ. ನಾನು ಕರೆದರೆ ಎಲ್ಲಿದ್ದರೂ ಬರುತ್ತಾನೆ. ರಾತ್ರಿ ನನ್ನ ಹಾಸಿಗೆ ಪಕ್ಕವೇ ಬೇಕು.

ಉಜ್ಜನಪ್ಪ ಈಗಲೇ ತನ್ನ ಎರಡು ಹೆಣ್ಣುನಾಯಿಗೆ ಮಲ್ಲನನ್ನು ಕೇಳಿದ್ದಾನೆ. ಯುಗಾದಿ ಕಳೆಯಲಿ ಎಂದಿದ್ದೇನೆ. ಅಂದು ನಕ್ಕವನೇ ಇಂದು ಕೇಳಲು ಬಂದ, ನೋಡು.

ಕೆಂಚವೀರಪ್ಪ


ಬಾತಿ
೧೫-೯-೧೯೫೮

ಅಣ್ಣ,

ಮೊಲದ ಹಾಗೆ ಎಂದು ಬರೆದೆ. ಆ ಮಾತು ಓದಿ, ರೊಟ್ಟಿ ಬಡಿಯುವುದನ್ನು ಬಿಟ್ಟು ಈ ಕಾಗದ ಬರೆಯಲು ಕೂತೆ. ಗಂಗಿ ಮೊದಲು ಹಾಗೆಯೇ ಓಡಿದ್ದು. ನಾನೂ ಚೆಂದ ಎಂದು ನಕ್ಕಿದ್ದೆ.

ಜಗಳ ಇರಲಿ, ಅದನ್ನು ಮುಂದುವರಿಸಲು ನನಗೆ ಬೇಕಾದಷ್ಟು ಉಸಿರಿದೆ. ಈಗ ಇಷ್ಟು ಮಾಡು. ಮಲ್ಲನಿಗೆ ಮುದ್ದೆ ಕಡಿಮೆ ಹಾಕು, ಮೈ ಭಾರ ಆಗಬಾರದು. ಗೋಡೆ ಹಾರಿಸಬೇಡ. ನುಣ್ಣನೆಯ ಕಲ್ಲುಚಪ್ಪಡಿ ಮೇಲೆ ಮಲಗಿಸಬೇಡ, ಮಣ್ಣಿನ ನೆಲ ಒಳ್ಳೆಯದು. ಬೆಳಿಗ್ಗೆ ಅವನು ಏಳುವಾಗ ಕರೆಯದೆ ಸುಮ್ಮನೆ ನಿಂತು ನೋಡು. ಮೊದಲು ಮುಂಗಾಲು ಊರಿ, ಸ್ವಲ್ಪ ಹೊತ್ತು ನಿಂತು, ಆಮೇಲೆ ಹಿಂಭಾಗ ಎತ್ತುತ್ತಾನಾ? ಹಾಗಿದ್ದರೆ ಅವನನ್ನು ಉಜ್ಜನಪ್ಪನ ಹೆಣ್ಣುಗಳ ಹತ್ತಿರ ಬಿಡಬೇಡ. ನಮ್ಮ ಮನೆಗೆ ಬಂದದ್ದು ನಮ್ಮ ಮನೆಯಲ್ಲೇ ನಿಲ್ಲಲಿ. ಇನ್ನೂ ಹತ್ತು ರೊಪ್ಪಕ್ಕೆ ದೇವರ ಹೆಸರಲ್ಲಿ ಹಂಚಬೇಡ.

ಇಲ್ಲಿಯ ಸುದ್ದಿ. ಹೋದ ತಿಂಗಳು ಒಂದು ಭಾನುವಾರ ನಾನೇ ಕಂಬಳಿ ಹಾಸಿದೆ. ಹೌದು, ಹೆಂಗಸಾದ ನಾನೇ ಹಾಸಿದೆ. ನನ್ನ ಓರಗಿತ್ತಿ ಹುಲಿಗೆಮ್ಮ "ಬ್ಯಾಡ ಕಣೆ, ಕಣ್ಣು ಹೋದಾವು" ಎಂದು ಬಾಗಿಲ ಹಿಂದೆ ನಿಂತಳು. ನನ್ನ ಹಿತ್ತಲ ಅರಿಶಿನವನ್ನೇ ಎರಚಿದೆ. ಎಲ್ಲ ಮರಿಯೂ ಓಡಿದವು, ಒಂದು ಹೆಣ್ಣುಮರಿ ಎಲ್ಲಕ್ಕಿಂತ ಮೊದಲು ಓಡಿ ಹುಲಿಗೆಮ್ಮನ ಕಾಲು ಕಚ್ಚಿತು. "ಇದೇ ದೇವರ ಮರಿ" ಎಂದೆ. ಚಿಗರಿ ಎಂದು ಹೆಸರಿಟ್ಟೆ. ನನ್ನ ಕಣ್ಣು ಇನ್ನೂ ಚೆನ್ನಾಗಿ ಕಾಣುತ್ತಿವೆ.

ಹಂಪವ್ವ


ಕೊಂಡಜ್ಜಿ
೨-೨-೧೯೫೯

ಹಂಪವ್ವಳಿಗೆ,

ಇಷ್ಟು ದಿನ ಬರೆಯಲಾಗಲಿಲ್ಲ. ಕೆಲಸ ಇತ್ತು. ಇಲ್ಲಿ ಎಲ್ಲರೂ ಕ್ಷೇಮ.

ಈ ಸಲ ಮೇವು ಕಡಿಮೆ. ಕುರಿ ಸ್ವಲ್ಪ ಕಡಿಮೆಯಾಗಿವೆ. ಕರಿಯನಿಗೆ ವಯಸ್ಸಾಯಿತು. ಮಲ್ಲ ಆರಾಮಾಗಿದ್ದಾನೆ.

ಆ ಮರಿಗಳು ಎಷ್ಟು ಉಳಿದಿವೆ? ಸುಮ್ಮನೆ ಕೇಳಿದೆ.

ಕೆಂಚವೀರಪ್ಪ


ಬಾತಿ
೨೦-೨-೧೯೫೯

ಅಣ್ಣ,

ನಿನ್ನ ಕಾಗದ ಬಂದಾಗ ಮೊದಲು ನಕ್ಕೆ. ಸುಮ್ಮನೆ ಕೇಳಿದನಂತೆ! ಗೆದ್ದೆ ಎಂದುಕೊಂಡೆ. ಉತ್ತರವನ್ನು ಕಾರ್ಡಿನಲ್ಲೇ ಬರೆದು, ಲಿಂಗಣ್ಣನಿಂದ ಇನ್ನೊಮ್ಮೆ ಓದಿಸಬೇಕು ಎಂದು ಕಾರ್ಡು ತಂದಿಟ್ಟೆ.

ಆಮೇಲೆ ಹರಿಹರದ ಸಂತೆಯಲ್ಲಿ ಅತ್ತಿಗೆ ಸಿಕ್ಕಳು. ಮೆಣಸಿನಕಾಯಿ ರಾಶಿ ಹಿಂದೆ ನಿಂತು ಇಬ್ಬರೂ ಮಾತಾಡಿದೆವು. ಅವಳ ಮೇಲೆ ಸಿಟ್ಟಾಗಬೇಡ, ಮರಿ ಹೋದ ಮನೆಗಳನ್ನು ನನಗೆ ಹೇಳಿದವಳೂ ಅವಳೇ. ನಿನ್ನ ಮನೆಯಲ್ಲಿ ನಿನಗೆ ಹೆದರದವರು ಯಾರೂ ಇಲ್ಲ ಎಂದುಕೊಳ್ಳಬೇಡ. ನಿನ್ನ ರೊಪ್ಪಕ್ಕೆ ತೋಳ ಬಂದು ಕುರಿ ಹೊತ್ತದ್ದನ್ನು ಹೇಳಿದಳು. ಕರಿಯನ ಹಗ್ಗ ಬಿಚ್ಚಿದರೂ ಅವನು ಏಳಲಿಲ್ಲವಂತೆ. ಅವನನ್ನು ಕಟ್ಟಿಹಾಕಿದ್ದು ಸಿಟ್ಟಿಗಲ್ಲ, ಅವನು ಏಳಲು ಒದ್ದಾಡುವುದನ್ನು ಯಾರೂ ನೋಡಬಾರದು ಎಂದಂತೆ. ಆಮೇಲೆ ಮಲ್ಲನ ಸುದ್ದಿ. "ದಿನಾ ಮುಂಜಾನೆ ನಿಮ್ಮಣ್ಣ ಅದನ್ನ ಕಂಬಳ್ಯಾಗ ಸುತ್ತಿ ಎತ್ಕೊಂಡು ಹಿತ್ತಲಿಗೆ ಒಯ್ತಾರೆ. ಅದು ಹೊರಗೆ ಕೂತು ಮುಗಿಸೋವರೆಗೂ ಸೊಂಟ ಹಿಡ್ಕೊಂಡು ನಿಂತಿರ್ತಾರೆ. ಜನ ಏಳೋದ್ರೊಳಗೆ ಒಳಗೆ ತರ್ತಾರೆ. ಯಾರ ಹತ್ರನೂ ಮಾತಿಲ್ಲ" ಎಂದು ಅತ್ತಳು.

ಯಾವ ಕಂಬಳಿ ಎಂದು ನಾನು ಕೇಳಲಿಲ್ಲ. ಗೊತ್ತಾಯಿತು.

ಗಂಗಿಯನ್ನು ನಾನೂ ಹಾಗೆಯೇ ಎತ್ತಿಕೊಂಡು ಒಯ್ಯುತ್ತಿದ್ದೆ ಅಣ್ಣ. ಬೆನ್ನು ಮುರಿದು ಹೋಗುತ್ತದೆ, ನನಗೆ ಗೊತ್ತು. ಅದಕ್ಕೆ ಆ ಕಾರ್ಡು ಹರಿದು ಹಾಕಿ, ಇದನ್ನು ಲಕೋಟೆಯಲ್ಲಿ ಕಳಿಸುತ್ತಿದ್ದೇನೆ. ಇದೊಂದು ಸಲ.

ಚಿಗರಿಯನ್ನು ಕಳಿಸುತ್ತೇನೆ. ಏಳು ತಿಂಗಳಾಗಿದೆ, ಹೋದ ವಾರ ಬೇಲಿ ಹಾರಿ ನರಿಯನ್ನು ಅಟ್ಟಿಸಿಕೊಂಡು ಹೋದಳು. ಡಾಕ್ಟರು ಅವಳ ಕೀಲನ್ನೂ ನೋಡಿದ್ದಾರೆ. ನಿನ್ನ ರೊಪ್ಪಕ್ಕೆ ಕಾವಲಿಲ್ಲ, ನನ್ನ ಹತ್ತಿರ ಇದೆ. ಇದರಲ್ಲಿ ದಯೆ ಗಿಯೆ ಏನೂ ಇಲ್ಲ, ಅವು ಅಪ್ಪನ ಕುರಿಗಳು. ಮುಂದಿನ ತಳಿ ಅವಳಿಂದ ಆಗಲಿ ಎಂದು ಬೇಕೆಂದೇ ಹೆಣ್ಣನ್ನು ಕಳಿಸುತ್ತಿದ್ದೇನೆ. ಅವಳನ್ನು ಮಲ್ಲನಿಗೂ ಕರಿಯನಿಗೂ ಕೂಡಿಸಬೇಡ. ಮಲ್ಲನನ್ನು ಉಜ್ಜನಪ್ಪನ ಮನೆಗೆ ಕೊಡಬೇಡ. ಅವಳನ್ನು ಕಂಬಳಿ ಮೇಲೆ ಬಿಟ್ಟು ಪರೀಕ್ಷೆಯನ್ನೂ ಮಾಡಬೇಡ. ಈ ಮಾತು ಮುರಿದರೆ ಗಾಡಿ ಕಟ್ಟಿಕೊಂಡು ಬಂದು ನಿನ್ನ ಅಂಗಳದಿಂದಲೇ ಅವಳನ್ನು ಎತ್ತಿಕೊಂಡು ಹೋಗುತ್ತೇನೆ. ಅಂಗಳಕ್ಕೆ ಹೊಸ್ತಿಲಿಲ್ಲ.

ಗಂಡು ಯಾವುದು ಎಂದು ಈಗ ಹೇಳುತ್ತೇನೆ. ಜಗಳೂರು ಕಡೆಯ ಪಾಲಯ್ಯನ ದನದ ಹಟ್ಟಿಯ ನಾಯಿ. ಇಷ್ಟು ಓದಿ, ನಮ್ಮ ಕುಲದವನಲ್ಲ ಎಂದು ನೀನು ಹಲ್ಲು ಕಡಿಯುತ್ತೀಯ, ಕಡಿ. ಆ ನಾಯಿಯ ಅಜ್ಜ ನಮ್ಮ ಮನೆಯದು. ಅಪ್ಪನ ಕಾಲದಲ್ಲಿ ಕಂಬಳಿಯಿಂದ ಎದ್ದು ಓಡಿತೆಂದು ಪಾಲಯ್ಯನ ಅಪ್ಪನಿಗೆ ಕೊಟ್ಟ ಮರಿ. ಅದು ಮುದಿಯಾಗಿ, ದನದ ಹಿಂದೆ ನಡೆಯುತ್ತಲೇ ಸತ್ತಿತಂತೆ. ಹಾಗಿದ್ದರೆ ನಮ್ಮದೇ ರಕ್ತ, ಮಾನ ಉಳಿಯಿತು ಎಂದು ನೀನು ಊರಲ್ಲಿ ಹೇಳಿಕೊಳ್ಳಬಹುದು. ಹಾಗೆ ಹೇಳಬೇಡ. ನಾವು ಬೇಡ ಎಂದು ಹೊರಗೆ ಹಾಕಿದ್ದೇ ಉಳಿಯಿತು, ಅದನ್ನು ಹೇಳುವ ಧೈರ್ಯ ಇದ್ದರೆ ಹೇಳು.

ನಮ್ಮನೆಯವರು ಯುಗಾದಿ ಹೊತ್ತಿಗೆ ಚಿಗರಿಯನ್ನು ತಂದು ಬಿಡುತ್ತಾರೆ. ನಾನು ಬರುವುದಿಲ್ಲ. ನನ್ನನ್ನು ಜನರ ಮುಂದೆ ಹೊರಗೆ ಹಾಕಿದೆ. ಕರೆಯುವುದಾದರೆ ಲಕೋಟೆಯಲ್ಲಿ ಕರೆಯಬೇಡ.

ಹಂಪವ್ವ


ಕೊಂಡಜ್ಜಿ
೧೩-೪-೧೯೫೯
(ಕಾರ್ಡು, ಎರಡು)

ಹಂಪವ್ವಳಿಗೆ,

ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಒಂದರಲ್ಲಿ ಹಿಡಿಸದೆ ಎರಡಾದವು. ಇವನ್ನು ಅಂಚೆ ಡಬ್ಬಿಗೆ ಹಾಕುವುದಿಲ್ಲ. ಚಾವಡಿಯಲ್ಲಿ ಲಿಂಗಣ್ಣನ ಕೈಗೆ ಕೊಟ್ಟು, "ಮೊದಲು ಜೋರಾಗಿ ಓದು, ಆಮ್ಯಾಲೆ ಚೀಲಕ್ಕ ಹಾಕು" ಎಂದು ಹೇಳುತ್ತೇನೆ.

ಮಾಳಿಂಗಪ್ಪನವರು ಚಿಗರಿಯನ್ನು ತಂದು ಬಿಟ್ಟು, ಅಂಬಲಿ ಕುಡಿದು, ನಡುವೆ ನಿಲ್ಲದೆ ಹೋದರು. ನೆನ್ನೆ ಭಾನುವಾರ. ಕಂಬಳಿ ಮೇಲೆ ಬಿಡಬೇಡ ಎಂದಿದ್ದೆ, ನಾನು ಬಿಟ್ಟೆ. ನನಗೆ ನೋಡಬೇಕಿತ್ತು, ಊರಿಗೂ ತೋರಿಸಬೇಕಿತ್ತು. ಭಂಡಾರ ಮೈಮೇಲೆ ಬಿದ್ದದ್ದೇ ತಡ, ಅದನ್ನೆಲ್ಲ ಉಜ್ಜನಪ್ಪನ ಬಿಳಿ ಅಂಗಿಗೆ ಕೊಡವಿ, ಅಪ್ಪನ ಕಂಬಳಿಯ ತುದಿ ಕಚ್ಚಿ ರೊಪ್ಪದವರೆಗೂ ಎಳೆದುಕೊಂಡು ಓಡಿದಳು. ಯಾರೂ "ಏಳುಕೋಟಿ" ಎನ್ನಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

ಒಳಗೆ ಹೋಗಿ ಮಲ್ಲನನ್ನು ಎತ್ತಿಕೊಂಡು ಬಂದೆ. ಎಲ್ಲರ ಮುಂದೆ ನೆಲಕ್ಕೆ ಇಳಿಸಿ, ಸ್ವಲ್ಪ ದೂರ ಹೋಗಿ "ಬಾರೋ ಮಲ್ಲ" ಎಂದು ಕರೆದೆ. ನನ್ನನ್ನು ನೋಡಿ ಬಾಲ ಆಡಿಸಿದ. ಮುಂಗಾಲು ಊರಿದ. ಬರಬೇಕೆಂದು ಅವನಿಗೆ ಎಷ್ಟು ಆಸೆ ಎಂದು ಅಲ್ಲಿದ್ದವರಿಗೆಲ್ಲ ಕಂಡಿತು. ಬರಲಾಗಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ಕೂತೆ. ಅಷ್ಟು ಜನರ ಮುಂದೆ ಅತ್ತೆ, ಅದನ್ನೂ ಲಿಂಗಣ್ಣ ಓದಲಿ.

ಉಜ್ಜನಪ್ಪ ಕೇಳಿದ, "ಹಂಗಾರೆ ನಿಮ್ಮಪ್ಪ ಮಾಡಿದ್ದು ತಪ್ಪೇನು?" ನಾನು ಹೇಳಿದೆ: "ನಮ್ಮಪ್ಪ ಮನಸಿಟ್ಟು ದೇವರಿಗೆ ಕೈ ಮುಗಿದ. ಮರಿ ಕೈ ಮುಗೀಲಿಲ್ಲ, ಅದಕ್ಕ ಕಾಲು ನಿಲ್ತಿರಲಿಲ್ಲ. ಇನ್ನ ಈ ಮನೆಯಾಗ ಕರಿಯಂದು, ಮಲ್ಲಂದು ಮರಿ ಆಗಲ್ಲ. ನಿನ್ನ ಮನೆಗೂ ಕೊಡಲ್ಲ. ಕಂಬಳಿ ಹಾಸ್ತೀವಿ, ಓಡಿದ್ದನ್ನ ಇಟ್ಕೊಂತೀವಿ. ಕುಲದವರು ಏನಾರ ಮಾಡ್ಕೊಳ್ರಿ." ಪಾಲಯ್ಯನ ಹಟ್ಟಿಯ ವಿಷಯವನ್ನೂ ಹೇಳಿದೆ. ನಾವು ಹೊರಗೆ ಹಾಕಿದ್ದೇ ಉಳಿಯಿತು ಎಂದು ನೀನು ಬರೆದ ಹಾಗೆಯೇ ಹೇಳಿದೆ. ಕೆಲವರು ಪ್ರಸಾದ ತಿನ್ನದೆ ಎದ್ದು ಹೋದರು. ಹೋಗಲಿ. ನಿನ್ನ ಅತ್ತಿಗೆ ಮರಿಯವ್ವ ಅದನ್ನು ಕಟ್ಟಿಟ್ಟು ಇವತ್ತು ನಮಗೇ ಬಡಿಸಿದಳು.

ಮಲ್ಲನಿಗೆ ಹೊಸ್ತಿಲ ಪಕ್ಕ ಮಣ್ಣಿನ ಜಗುಲಿ ಮಾಡಿದ್ದೇನೆ. ಹಗಲು ಹೊತ್ತಿನಲ್ಲಿ, ಎಲ್ಲರೂ ನೋಡುವಂತೆ ಎತ್ತಿಕೊಂಡು ಹೋಗುತ್ತೇನೆ. ಬರುವ ಹೋಗುವವರನ್ನು ನೋಡುತ್ತ ಅವನು ಅಲ್ಲೇ ಕೂತಿರುತ್ತಾನೆ. ನಿನ್ನನ್ನು ಕಂಡರೂ ಏಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ.

ಬರುವ ಭಾನುವಾರ ಬೋರಿಯನ್ನು ಕರೆದುಕೊಂಡು ಬಾ. ಜನ ಇರುತ್ತಾರೆ, ನಾನೇ ಹೇಳಿ ಕರೆಸಿದ್ದೇನೆ. ಎಲ್ಲರ ಮುಂದೆ ಹೊಸ್ತಿಲು ತುಳಿದು ಒಳಗೆ ಬಾ. ಬರುವಾಗ ನಿನ್ನ ಹಿತ್ತಲ ಅರಿಶಿನ ತಾ. ಇಲ್ಲಿಯ ಭಂಡಾರ ಮುಗಿದಿದೆ.

ನಿನ್ನ ಅಣ್ಣ
ಕೆಂಚವೀರಪ್ಪ